ಕಣ್ಣು ಮುಚ್ಚಿ ಕೂತಷ್ಟು ಹೊತ್ತು

ಶಾಂಭವಿ,

ಇವತ್ತು ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿದೆ ಕಣೇ. ನಮ್ಮಮ್ಮ ತೀರಿಕೊಂಡಾಗ ಜೀವದ ಗೆಳತಿಯಾದ ನೀನೇ ಬರಲಿಲ್ಲವೆಂದು ನಾನು ಮಾತು ಬಿಟ್ಟ ಮೇಲೆ ಇದೇ ಮೊದಲು. ನೀನು ನನ್ನೆದುರಿನ ಬೆಂಚಿನಲ್ಲಿ ಕೂತು ನಿನ್ನ ಮಗಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದೆ. ನನಗೆ ಆ ಹಳೆಯ ಕೋಪವೆಲ್ಲ ಮತ್ತೆ ಬಂತು.

ಈಗ ನಾನು ಧ್ಯಾನದ ಕ್ಲಾಸಿಗೆ ಹೋಗುತ್ತೇನೆ. "ಕೋಪ ಬಂದ್ರೆ ತಳ್ಬೇಡಿ, ಹಿಡ್ಕೊಳ್ಳಲೂ ಬೇಡಿ. ಸುಮ್ನೆ ನೋಡ್ತಾ ಇರಿ, ತಾನೇ ಇಳಿಯುತ್ತೆ" ಅನ್ನುತ್ತಾರೆ ಅಲ್ಲಿನ ಸೌಮ್ಯ ಮೇಡಂ. ಹಾಗೇ ಮಾಡಿದೆ. ಕಣ್ಣು ಮುಚ್ಚಿ ಉಸಿರನ್ನು ನೋಡಿದೆ, ಕೋಪವನ್ನು ನೋಡಿದೆ. ನಿಜವಾಗಿಯೂ ಇಳಿಯಿತು. ಅದರಡಿಯಲ್ಲಿ ಉಳಿದಿದ್ದು ಒಂದೇ ಆಸೆ: ನಿನ್ನ ಪಕ್ಕ ಕೂತು ಅಮ್ಮನ ಕೊನೆಯ ದಿನಗಳನ್ನೆಲ್ಲ ಹೇಳಿಕೊಳ್ಳಬೇಕು.

ಕಣ್ಣು ಬಿಟ್ಟಾಗ ಬೆಂಚು ಖಾಲಿ. ಸೋಮವಾರಪೇಟೆಯ ಬಸ್ಸು ಹೊರಟುಹೋಗಿತ್ತು.

ಪಕ್ಕದಲ್ಲಿ ಹೂ ಮಾರುತ್ತಿದ್ದ ರುದ್ರಮ್ಮ, "ಅವ್ರು ನಿಮ್ ಮುಂದೇನೇ ಬಂದು ಸುಮಾರು ಹೊತ್ತು ನಿಂತಿದ್ರಮ್ಮಾ. ನೀವು ಕಣ್ಣೇ ಬಿಡ್ಲಿಲ್ಲ. ಆಮೇಲೆ ಕಣ್ಣೊರೆಸ್ಕೊಂಡು ಬಸ್ ಹತ್ತಿದ್ರು" ಅಂದರು.

ಮನೆಗೆ ಬಂದು ಮತ್ತೆ ಧ್ಯಾನಕ್ಕೆ ಕೂತೆ. ಉಸಿರಿನ ಮೇಲೆ ಮನಸ್ಸು ನಿಲ್ಲುತ್ತಿಲ್ಲ. ನಿನ್ನ ಫೋನ್ ನಂಬರೇ ಬರುತ್ತಿದೆ, ಒಂದಂಕಿಯೂ ಮರೆತಿಲ್ಲ.