ಈ ಚೂರಿಗಳು ಯಾರವು?

ವಾಡಿ
೧೪ ಮೇ ೨೦೨೪, ಮಂಗಳವಾರ

ಮತೀನ ಅವರಿಗೆ ಶಗುಫ್ತಾಳ ಸಲಾಮು.

ನಾನು ಕ್ಷೇಮ ಎಂದು ಬರೆಯಬೇಕು. ಆದರೆ ಸುಳ್ಳಿನಿಂದ ಶುರು ಮಾಡಲು ಮನಸ್ಸಿಲ್ಲ. ಮನೆಯಲ್ಲಿ ಉರ್ದು ಆಡಿದರೂ ಶಾಲೆಯಲ್ಲಿ ಕಲಿತದ್ದು ಕನ್ನಡ, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ಮಾತು ಅರ್ಧವಾಗುವಷ್ಟರಲ್ಲಿ ನೀವು ಕಟ್ ಮಾಡುತ್ತೀರಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದರೂ ಓದಿಯೇ ಹರಿಯುತ್ತೀರಿ, ಅಷ್ಟು ನಿಮ್ಮನ್ನು ಬಲ್ಲೆ.

ಹೆಂಡತಿಯನ್ನು ಇಲ್ಲಿ ಬಿಟ್ಟು ಚಿತ್ತಾಪುರದಲ್ಲಿ ನಿಮ್ಮ ಅಕ್ಕ ಜಬೀನ್ ಆಪಾಳ ಮನೆಯಲ್ಲಿ ಎಷ್ಟು ದಿನ ಇರುತ್ತೀರಿ? ನಿನ್ನೆ ಅವರೇ ಫೋನ್ ಮಾಡಿ, ತಪ್ಪಾಯಿತೆಂದು ನಾನು ಒಂದು ಮಾತು ಹೇಳಿದರೆ ನೀವು ಬರುತ್ತೀರಿ ಎಂದರು. ಯಾವ ತಪ್ಪು ಎಂದು ಕೇಳಿದೆ. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನೀವು ಅವರಿಗೆ ಅರ್ಧವನ್ನೇ ಹೇಳಿದ್ದೀರಿ. ಉಳಿದರ್ಧ ನಾನು ಬರೆಯುತ್ತೇನೆ.

ಸುಲೇಪೇಟದ ಮುಕ್ರಮ ಭಾಯಿಯ ಮಗಳ ಮದುವೆಯ ಅಡುಗೆ ನಾವು ಹಿಡಿದಿದ್ದೆವು. ಹಿಂದಿನ ದಿನ ನಾನು ಅಂಗಳದಲ್ಲಿ ಗೋಣಿ ಹಾಸಿ ಚೂರಿಗಳನ್ನು ತೊಳೆದು ಸಾಲಾಗಿ ಇಟ್ಟಿದ್ದೆ. ಉಳ್ಳಾಗಡ್ಡಿ ಹೆಚ್ಚುವವು, ಕೊಬ್ಬು ಬಿಡಿಸುವ ಬಾಗಿದ್ದು, ಮಾಂಸ ಕೊಯ್ಯುವ ಉದ್ದನೆಯದು, ಎಲುಬು ಕಡಿಯುವ ಭಾರದ್ದು. ನೀವು ಬಂದು ಉದ್ದನೆಯದನ್ನೂ ಭಾರದ್ದನ್ನೂ ಎತ್ತಿ ಕಿಟಕಿಯ ಮೇಲಿಟ್ಟಿರಿ.

"ಇಲೆಕ್ಷನ್ ಐತಿ. ಸೇಡಂ ದಾಟಿದ ಮ್ಯಾಲ ಪೊಲೀಸ್ರು ನಾಕಾ ಹಾಕ್ಯಾರ. ಸಣ್ಣವಷ್ಟೇ ಒಯ್ಯೋಣು, ಮಾಂಸ ಅಲ್ಲಿ ಖಸಾಯಿನೇ ಕಡದು ಕೊಡ್ಲಿ" ಎಂದಿರಿ.

ಅವಸರದ ಖಸಾಯಿ ಒಂದು ತುಂಡು ದೊಡ್ಡದು, ಒಂದು ಸಣ್ಣದು ಕಡಿಯುತ್ತಾನೆ. ಬಿರಿಯಾನಿಯಲ್ಲಿ ಒಂದು ಕರಗಿ ಹೋಗುತ್ತದೆ, ಇನ್ನೊಂದು ಬೇಯದೆ ಉಳಿಯುತ್ತದೆ. ಬೈಸಿಕೊಳ್ಳುವವಳು ನಾನು. ಅದನ್ನು ಹೇಳಿದಾಗ ನೀವು ಸಿಟ್ಟಾಗಲಿಲ್ಲ. ಗೋಣಿಯ ಅಂಚಿನಲ್ಲಿ ಕುಳಿತು ಮೆಲ್ಲಗೆ, "ನಿನ್ನ ಕೈಯಾಗ ಚೂರಿ ನೋಡಿದ್ರ ಅಡಗಿಯಾಕಿ ಅಂತಾರ. ನನ್ನ ಕೈಯಾಗ ನೋಡಿದ್ರ ಏನಂತಾರ, ನೀನೇ ಹೇಳು" ಎಂದಿರಿ. ನೀವು ಗಾಡಿಗೆ ಗಾಳಿ ತುಂಬಿಸಲು ಹೋದಾಗ ಎಲ್ಲ ಚೂರಿಗಳನ್ನೂ ಹಳೆಯ ದುಪ್ಪಟ್ಟಾದಲ್ಲಿ ಸುತ್ತಿ, ದೊಡ್ಡ ದೇಗ್ಚಿಯ ಒಳಗಿಟ್ಟು, ಮೇಲೆ ಮುಚ್ಚಳ ಬಿಗಿದೆ. ಇಲ್ಲಿಯವರೆಗಿನ ತಪ್ಪು ನನ್ನದು. ಜಬೀನ್ ಆಪಾಳಿಗೆ ಓದಿ ಹೇಳಿರಿ, ಬೇಕಾದರೆ ಎರಡು ಸಲ.

ಆದರೆ ನಾಕಾದಲ್ಲಿ ಆದದ್ದು? ಹವಾಲ್ದಾರ ದೇಗ್ಚಿಯ ಮುಚ್ಚಳ ತೆಗೆಸಿ ದುಪ್ಪಟ್ಟಾ ಬಿಚ್ಚಿಸಿದ. ಬಿಸಿಲಿಗೆ ಚೂರಿಗಳೆಲ್ಲ ಹೊಳೆದವು. ದಾರಿಯ ಮೇಲಿನ ಜನ ಗಾಡಿ ನಿಲ್ಲಿಸಿ ನೋಡಿದರು. "ಇವು ಯಾರವು?" ಎಂದು ಅವನು ಕೇಳಿದ್ದು ನಿಮ್ಮನ್ನು. ನೀವು ಕೈ ಮುಗಿದು, "ನನಗ ಗೊತ್ತಿಲ್ರಿ ಸಾಹೇಬ್ರ. ಅಕಿ ಇಟ್ಟಾಳ್ರಿ, ಅಕಿನ್ನ ಕೇಳ್ರಿ" ಎಂದಿರಿ.

'ಅಕಿ'. ಯಾರೋ ದಾರಿಯಲ್ಲಿ ಗಾಡಿ ಹತ್ತಿದವಳ ಹಾಗೆ.

ನೀವು ಹೆದರಿದ್ದಿರಿ, ನನಗೆ ಗೊತ್ತು. ನಿಮ್ಮ ನೀಲಿ ಅಂಗಿ ಬೆನ್ನಿಗೆ ಅಂಟಿತ್ತು. ಆದರೆ ಹೆದರಿದವನು ಸುಮ್ಮನೆ ನಿಂತಿದ್ದರೂ ನಡೆಯುತ್ತಿತ್ತು. ನಾನೇ ಮುಂದೆ ಬಂದು, ಅಡುಗೆಗೆ ಹೊರಟಿದ್ದೇವೆ, ಇವು ನನ್ನವು ಎಂದೆ. "ಇಷ್ಟುದ್ದದ ಚೂರಿಯಿಂದ ಏನು ಅಡಗಿ ಮಾಡ್ತಿ ತಂಗಿ?" ಎಂದ. ಮುಕ್ರಮ ಭಾಯಿ ಮದುವೆಯ ಕಾರ್ಡು ಹಿಡಿದು ಸುಲೇಪೇಟದಿಂದ ಓಡಿ ಬರುವ ತನಕ ನಮ್ಮನ್ನು ಅಲ್ಲೇ ಕೂರಿಸಿದರು. ಹೆಣ್ಣು ಕೊಡುವ ತಂದೆ ಮದುವೆಯ ದಿನ ನಾಕಾದಲ್ಲಿ ನಿಂತು, ಇವರು ನಮ್ಮ ಅಡುಗೆಯವರು ಎಂದು ಸಾಕ್ಷಿ ಹೇಳಬೇಕಾಯಿತು. ನಮ್ಮನ್ನು ಬಿಟ್ಟರು, ಗಾಡಿ ಬಿಟ್ಟರು, ಚೂರಿಗಳನ್ನು ಇಟ್ಟುಕೊಂಡರು. ಇಲೆಕ್ಷನ್ ಮುಗಿದ ಮೇಲೆ ಠಾಣೆಗೆ ಬರಬೇಕಂತೆ.

ಆಮೇಲಿನದು ನೀವು ನೋಡಲಿಲ್ಲ. ಪಾತ್ರೆ ಇಳಿಸಿ ಗಾಡಿಯೊಳಗೆ ಹೋಗಿ ಮುಖ ತಿರುಗಿಸಿ ಕುಳಿತಿರಿ. ಅಕ್ಕಪಕ್ಕದ ಮನೆಗಳಿಂದ ತಂದ ಚೂರಿಗಳು ಟೊಮೇಟೊವನ್ನೂ ಜಜ್ಜುತ್ತಿದ್ದವು. ಈ ವಯಸ್ಸಿನಲ್ಲೂ ನನ್ನ ಸಂಗಡ ದುಡಿಯುವ ಜಾನಬಿ ಖಾಲಾ ಮೊಂಡು ಚೂರಿಯನ್ನು ಒತ್ತಿ ಒತ್ತಿ ಕೊಯ್ಯಲು ಹೋಗಿ ಅಂಗೈ ಸೀಳಿಕೊಂಡರು. ಅರಿಶಿಣ ಒತ್ತಿ ಬಟ್ಟೆ ಕಟ್ಟಿ ಮತ್ತೆ ಕುಳಿತರು. "ಬಾಯಿ ಮಾಡಬ್ಯಾಡ, ಮದವಿ ಮನಿ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಊಟ ತಡವಾಯಿತು. ತಾಂಡೂರಿನಿಂದ ಬಂದ ಗಂಡಿನ ಕಡೆಯವರು ಊಟಕ್ಕೆ ಹಾಸಿದ ಖಾಲಿ ದಸ್ತರಖಾನಿನ ಮುಂದೆ ಕುಳಿತು ನಮ್ಮ ಕಡೆ ನೋಡಿದರು. ಮುಕ್ರಮ ಭಾಯಿ ಪೂರ್ತಿ ಹಣ ಎಣಿಸಿ ಕೈಗಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಊಟ ಮುಗಿದ ಮೇಲೆ ತಿರುಗಿ ಬಂದೆವು. ನಮ್ಮನ್ನು ವಾಡಿಯಲ್ಲಿ ಇಳಿಸಿ ಗಾಡಿ ತಿರುಗಿಸಿ ಚಿತ್ತಾಪುರಕ್ಕೆ ಹೋದಿರಿ.

ಕಳೆದ ಶುಕ್ರವಾರ ಜಾನಬಿ ಖಾಲಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಆ ಠಾಣೆಗೆ ಹೋದೆ. ಅದೇ ಹವಾಲ್ದಾರ ಇದ್ದ. ನಾನು ಬಾಯಿ ತೆರೆಯುವ ಮೊದಲೇ, "ಚೂರಿ ಅಲ್ಲೇನು? ಅದಕ್ಕಾಗೇ ಅವತ್ತು ನಿನ್ನ ಕೂಡ ಇದ್ದಾಂವ ಚಿತ್ತಾಪುರದಿಂದ ಬರಾಕತ್ತಾನ. ಒಳಗ ಬಾ ಅಂದ್ರ ಬರಲ್ಲ, ಗೇಟಿನ ಹಂತೇಕ ನಿಂದರ್ತಾನ. ಅವು ನಮ್ಮ ಅಡಗಿಯವರವು, ಕೊಟ್ಟುಬಿಡ್ರಿ ಅಂತಾನ" ಎಂದ.

ನೀವು ಅಲ್ಲಿಗೆ ಹೋಗುತ್ತಿದ್ದೀರಿ, ಒಂದು ಸಲವಲ್ಲ, ಮತ್ತೆ ಮತ್ತೆ. ನನಗೆ ಹೇಳಲಿಲ್ಲ. ಹೆದರಿದ ಜಾಗಕ್ಕೇ ಮತ್ತೆ ಹೋಗಿ ನಿಲ್ಲುವಷ್ಟು ಧೈರ್ಯವಿರುವವರಿಗೆ ವಾಡಿಯ ಮನೆಯ ಬಾಗಿಲು ಬಡಿಯಲು ಏನು ಕಷ್ಟ? ಅಲ್ಲಿಯೂ 'ನಮ್ಮ ಅಡಗಿಯವರವು' ಅಂತೆ. 'ನನ್ನ ಹೆಂಡತಿಯವು' ಎನ್ನಲು ಆಗಲೂ ಬಾಯಿ ಬರಲಿಲ್ಲವೇ? ಬಸ್ಸಿನಲ್ಲಿ ಬರುವಾಗ ನಿಮ್ಮ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ.

ಸಣ್ಣ ಚೂರಿಗಳನ್ನು ಕೊಟ್ಟರು. ಉದ್ದನೆಯದನ್ನೂ ಭಾರದ್ದನ್ನೂ ಕೊಡಲಿಲ್ಲ, ಅದಕ್ಕೆ ದೊಡ್ಡ ಸಾಹೇಬರು ರಜೆಯಿಂದ ಬರಬೇಕಂತೆ. ಯಾವಾಗ ಬರುತ್ತಾರೆ ಎಂದರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಶಹಾಬಾದಿನ ಕಮ್ಮಾರನಿಗೆ ಹೊಸವು ಮಾಡಲು ಹೇಳಿದ್ದೇನೆ. ಐನಾಪುರದವರು ಹೊಸ ಮನೆಯ ಊಟಕ್ಕೆ ಕರೆದಿದ್ದಾರೆ. ಒಪ್ಪಿಕೊಂಡೆ. ಈ ಸಲ ಎಲ್ಲ ಚೂರಿಗಳನ್ನೂ ಒಯ್ಯುತ್ತೇನೆ, ಆದರೆ ಮುಚ್ಚಿಟ್ಟು ಅಲ್ಲ. ಡಬ್ಬಿಯಲ್ಲಿಟ್ಟು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತೇನೆ. ಕೇಳುವವರು ನನ್ನನ್ನು ಕೇಳಲಿ.

ಗಾಡಿ ನೀವೇ ತಂದರೆ ಬೇಡ ಎನ್ನುವುದಿಲ್ಲ. ಆದರೆ ಯಾರಾದರೂ ಕೈ ಮಾಡಿ ನಿಲ್ಲಿಸಿ, ಇವು ಯಾರವು ಎಂದು ನಿಮ್ಮನ್ನೇ ಕೇಳಿದರೆ ಏನು ಹೇಳುತ್ತೀರಿ? ಅದನ್ನು ಬರೆದು ಕಳಿಸಿರಿ, ಇಲ್ಲವೇ ಬಂದು ಹೇಳಿರಿ. ಹಳೆಯ ಉತ್ತರವೇ ಆಗಿದ್ದರೆ ಬರುವುದು ಬೇಡ. ಭೀಮುವಿನ ಗಾಡಿ ಇದೆ, ಅವನಿಗೆ ಹೇಳುತ್ತೇನೆ.

ಜಬೀನ್ ಆಪಾಳಿಗೆ ಸಲಾಮು ತಿಳಿಸಿರಿ. ಬಿಸಿಲಿನಲ್ಲಿ ಆ ಗೇಟಿನ ಹತ್ತಿರ ನಿಲ್ಲಬೇಡಿ.

ಇಂತಿ,
ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿಯದ
ಶಗುಫ್ತಾ

ಮ.ವಿ.: ಒಂದು ಮಾತು ಮೇಲೆ ಬರೆಯಲಿಲ್ಲ. ನೀವು ಬಂದು ನಿಲ್ಲುವ ವಿಷಯ ಹೇಳಿದ ಮೇಲೆ ಹವಾಲ್ದಾರ, "ಆಂವ ನಿನಗೇನಾಗಬೇಕು?" ಎಂದು ಕೇಳಿದ. ನಾನು "ಗಾಡಿ ಡ್ರೈವರ್ ರೀ" ಎಂದೆ. ಪಕ್ಕದಲ್ಲೇ ನಿಂತಿದ್ದ ಜಾನಬಿ ಖಾಲಾ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.