ಎಂಟು ಗಂಟೆಯ ಡಿನ್ನರ್

೪ ನವೆಂಬರ್ ೧೯೫೭, ಸೋಮವಾರ. ಸಂಜೆ

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿದೆ. ಸೌತೆಕಾಯಿ ಹುಳಿ, ಅನ್ನ, ಮಜ್ಜಿಗೆ. ಒಬ್ಬಳೇ, ಎಂದಿನ ಹಾಗೆ. ಇವರ ಪಾಲನ್ನು ಮುಚ್ಚಿಟ್ಟು ಒಲೆ ಆರಿಸಿದೆ.

ಬೆಳಗ್ಗೆ ಗಡಿಬಿಡಿಯಲ್ಲಿ ಎರಡು ತುತ್ತು ಉಂಡು ಹೈಸ್ಕೂಲಿಗೆ ಓಡುತ್ತಾರೆ. ಸಂಜೆ ಸ್ಟಾಫ್ ರೂಮು, ಆಮೇಲೆ ಹೋಟೆಲಿನಲ್ಲಿ ಹರಟೆ. ಮನೆ ಸೇರುವಾಗ ಕತ್ತಲೆ. ದೀಪ ಹಚ್ಚಿದ ಮೇಲೆ ಉಣ್ಣಬಾರದು, ಬೆಳಕಿಗೆ ಬಂದ ಹುಳ ಅನ್ನಕ್ಕೆ ಬಿದ್ದರೆ ಜೀವಹಿಂಸೆ — ಅಜ್ಜಿ ಹೇಳಿಕೊಟ್ಟದ್ದು. ನಮ್ಮ ಜೈನರ ಮನೆಗಳಲ್ಲೆಲ್ಲ ಇರುವುದೇ. ಅತ್ತೆಯ ಮನೆಯಲ್ಲೂ ಇದೆ. ಇವರಿಂದ ಮಾತ್ರ ಮೈಸೂರಿನ ಹಾಸ್ಟೆಲು ಬಿಡಿಸಿತು.

ಜಗಳವೇನೂ ಇಲ್ಲ. ಅವರ ಹೊತ್ತು ಅವರಿಗೆ, ನನ್ನ ಹೊತ್ತು ನನಗೆ. ಆದರೆ ತೀರ್ಥಹಳ್ಳಿಗೆ ಬಂದಾಗಿನಿಂದ ಒಬ್ಬಳೇ ಉಂಡು ಉಂಡು ಸಾಕಾಗಿದೆ. ಯಾರೂ ಓದುವುದಿಲ್ಲವಲ್ಲ, ಅದಕ್ಕೇ ಬರೆದೆ.

೭ ನವೆಂಬರ್

ಇವತ್ತು ಬಂದವರೇ ಕೋಟು ಕೂಡ ಬಿಚ್ಚದೆ ಹೇಳಿದರು.

"ಯಶೋಧಾ, ಹೆಡ್ಮಾಸ್ಟರನ್ನ ಮನೆಗೆ ಕರ್ದಿದೀನಿ. ಅವರ ಹೆಂಡ್ತಿನೂ ಬರ್ತಾರೆ. ಹದಿನೇಳನೇ ತಾರೀಕು, ಭಾನುವಾರ. ಡಿನ್ನರ್!"

ಮನಸ್ಸು ಕುಣಿಯಿತು. ಈ ಮನೆಯಲ್ಲಿ ಹೊರಗಿನವರು ಯಾರೂ ಇನ್ನೂ ಎಲೆ ಮುಂದೆ ಕೂತಿಲ್ಲ. ಹೋಳಿಗೆ ಮಾಡಲೋ, ಕಡುಬೋ ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ.

"ಎಷ್ಟು ಹೊತ್ತಿಗೆ?" ಕೇಳಿದೆ.

"ಎಂಟಕ್ಕೆ."

"ರಾತ್ರಿ ಎಂಟಾ?"

"ಮತ್ತೆ? ಸಂಜೆ ಐದಕ್ಕೆ ಉಣ್ಣೋಕೆ ಬನ್ನಿ ಅಂದ್ರೆ ನಗ್ತಾರೆ ಕಣೆ. ಹೋದ ತಿಂಗಳು ಡ್ರಾಯಿಂಗ್ ಮೇಷ್ಟ್ರು ಹೂವಯ್ಯನ ಮನೇಲೂ ಎಂಟಕ್ಕೇ ಇತ್ತು."

ಹೂವಯ್ಯನವರ ಮನೆಗೂ ನಮ್ಮ ಮನೆಗೂ ಏನು ಸಂಬಂಧ? ಬಾಯಿಗೆ ಬಂತು, ನುಂಗಿಕೊಂಡೆ.

೧೦ ನವೆಂಬರ್, ಭಾನುವಾರ

ಹೊಸತರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಇವರದೂ ಅದೇ ಕಥೆ. ಸ್ಕೂಲಿನಿಂದ ಡೆಸ್ಕು ತರಿಸುತ್ತಾರಂತೆ, ಮೇಲೆ ಬಟ್ಟೆ ಹಾಸಿ ಟೇಬಲ್ ಮಾಡುತ್ತಾರಂತೆ! "ಹುಡುಗರ ಮಸಿ ಎಲೆಗೆ ಹತ್ತಲಿ, ಹೆಡ್ಮಾಸ್ಟರು ಮಾರ್ಕ್ಸ್ ಕೊಡ್ತಾರೆ" ಎಂದೆ. ಮಣೆಯೇ ಇರಲಿ ಎಂದು ತೀರ್ಮಾನವಾಯಿತು.

ಆಮೇಲೆ ಆಲೂಗೆಡ್ಡೆ.

"ಸಾಗು ಇಲ್ದಿದ್ರೆ ಡಿನ್ನರ್ ಅಂತಾರಾ ಯಾರಾದ್ರೂ?"

"ನೆಲದಡಿ ಬೆಳೆದದ್ದು ನನ್ನ ಅಡಿಗೆಮನೆಗೆ ಬರಲ್ಲ. ಬಾಳೆಕಾಯಲ್ಲಿ ಮಾಡ್ತೀನಿ. ನಿಮ್ಮ ಹೆಡ್ಮಾಸ್ಟ್ರು ಎರಡು ಸಲ ಹಾಕಿಸ್ಕೊಳ್ದಿದ್ರೆ ಹೇಳಿ."

ನಕ್ಕರು. ನಕ್ಕಾಗ ಒಳ್ಳೆಯವರು.

ಬೆಳಕಿನದೇ ಈಗ ಇವರಿಗೆ ದೊಡ್ಡ ಚಿಂತೆ. ಲಾಟೀನಿನ ಮುಂದೆ ಹೆಡ್ಮಾಸ್ಟರನ್ನು ಕೂರಿಸುವುದು ಹೇಗೆ? ಜಯಪ್ಪನ ಅಂಗಡಿಯಲ್ಲಿ ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಹೇಳಿ ಬಂದಿದ್ದಾರೆ. ಮಳೆ ಹೋದ ಮೇಲಿನ ಕಾಲ, ಲಾಟೀನಿಗೇ ಹುಳ ಮುತ್ತುತ್ತವೆ. ಇನ್ನು ಪೆಟ್ರೋಮ್ಯಾಕ್ಸ್... ಹೇಳಿದೆ. ಕೇಳಿಸಿಕೊಳ್ಳಲಿಲ್ಲ.

೧೩ ನವೆಂಬರ್

ಮಧ್ಯಾಹ್ನ ಹೆಡ್ಮಾಸ್ಟರ ಹೆಂಡತಿ ವರದಮ್ಮ ತಾವಾಗಿಯೇ ಬಂದರು. ದೊಡ್ಡ ಕುಂಕುಮ, ದೊಡ್ಡ ದನಿ. ಬಾಗಿಲಲ್ಲೇ, "ಊಟಕ್ಕೆ ಬರೋಕೆ ಮುಂಚೆ ಮನೆ ಎಲ್ಲಿದೆ ನೋಡ್ಬೇಕಲ್ಲಮ್ಮ" ಎಂದರು. ಕಾಫಿ ಕೊಟ್ಟೆ. ಅವರ ತೌರು ಹೊಸನಗರದ ಕಡೆಯಂತೆ, ನಮ್ಮ ಹುಂಚ ಕ್ಷೇತ್ರಕ್ಕೆ ಹತ್ತಿರ.

"ಪಕ್ಕದ ಮನೆಯೋರು ನಿಮ್ಮೋರೇ. ಅವರ ಮಗಳು ಪದ್ಮಾವತಿ, ನಾನು ಒಟ್ಟಿಗೆ ಆಡ್ತಿದ್ವಿ. ಹೊತ್ತು ಇಳೀತಿದ್ದ ಹಾಗೇ ಅವರಮ್ಮ ಕೂಗೋರು, ಆಟ ಬಿಟ್ಟು ಓಡೋಳು. ಅಲ್ಲಾ ಯಶೋಧಮ್ಮ, ನಿಮ್ಮನೆಯೋರು ಎಂಟಕ್ಕೆ ಅಂದಿದಾರಲ್ಲ. ನೀವು ರಾತ್ರಿ ಉಣ್ತೀರಾ?"

ಉಣ್ಣುತ್ತೇನೆ ಎಂದರೆ ಸುಳ್ಳು. ಉಣ್ಣುವುದಿಲ್ಲ ಎಂದರೆ ಇವರ ಮರ್ಯಾದೆ.

"ಅವರು ಹೇಳಿದ ಮೇಲೆ ಆಯ್ತು. ಎಂಟಕ್ಕೇ ಬನ್ನಿ ಅಮ್ಮಾ."

ಅವರು ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಕಾಫಿ ಚೆನ್ನಾಗಿದೆ ಎಂದು ಹೇಳಿ ಹೋದರು.

೧೬ ನವೆಂಬರ್, ಶನಿವಾರ

ಹೂರಣ ರುಬ್ಬಿ ಆಯಿತು. ಬಾಳೆಕಾಯಿ, ಎಲೆ ಎರಡನ್ನೂ ಮನೆಗೆಲಸದ ಕೆರಿಯಮ್ಮ ತಂದು ಹಾಕಿದಳು. ನಾಳೆ ಎಲ್ಲವನ್ನೂ ಬಿಸಿಲಿರುವಾಗಲೇ ಮಾಡಿ ಮುಗಿಸಬೇಕು. ಕತ್ತಲಾದ ಮೇಲೆ ನಾನು ಒಲೆ ಮುಟ್ಟುವವಳಲ್ಲ. ಅನ್ನವನ್ನು ಬಿಸಿ ಬೂದಿಯ ಮೇಲೆ ಇಟ್ಟರೆ ಎಂಟರವರೆಗೆ ತಡೆದೀತು.

ಸಂಜೆ ಇವರನ್ನು ಕೇಳಿದೆ. "ನಾನು ಬರೀ ಬಡಿಸ್ತಾ ನಿಂತ್ರೆ ವರದಮ್ಮ ಸುಮ್ಮನಿರ್ತಾರಾ? ನೀವೂ ಕೂತ್ಕೊಳ್ಳಿ ಅಂತಾರೆ."

"ನೀವು ಮುಗ್ಸಿ, ಆಮೇಲೆ ಉಣ್ತೀನಿ ಅಂತ ಹೇಳ್ಬಿಡು."

"ಸುಳ್ಳು ಹೇಳ್ಲಾ?"

"ಒಂದು ದಿನದ ಮಾತು ಕಣೆ."

ಇದೇ ನನಗೆ ನೋವಾದದ್ದು. ಬೇಕಾದರೆ ಉಪವಾಸ ಇರುತ್ತೇನೆ. ತಣ್ಣಗಿನ ಹೋಳಿಗೆಯನ್ನು ನಗುನಗುತ್ತ ಬಡಿಸುತ್ತೇನೆ. ಆದರೆ ನಾನು ಉಣ್ಣುವ ಹೊತ್ತು ಇವರಿಗೆ ಬಚ್ಚಿಡಬೇಕಾದ ವಸ್ತುವಾಯಿತೇ? ನನ್ನ ಮನೆ, ಅತಿಥಿಗಳಿಗೆ ನನ್ನ ಮೊದಲ ಅಡಿಗೆ, ಅದರಲ್ಲಿ ನಾನೇ ಕಳ್ಳಿಯ ಹಾಗೆ.

ಅತ್ತೆಗೆ ಗೊತ್ತಾದರೆ ಇವರ ಕಿವಿ ಹಿಂಡುತ್ತಾರೆ. ನಾನು ಹೇಳುವುದಿಲ್ಲ.

೧೭ ನವೆಂಬರ್, ಭಾನುವಾರ. ನಾಲ್ಕೂವರೆ

ಎಲ್ಲ ಆಯಿತು. ಹೋಳಿಗೆ ಒಂದೂ ಹರಿಯಲಿಲ್ಲ. ಇವರು ಮೂರಕ್ಕೇ ಪೆಟ್ರೋಮ್ಯಾಕ್ಸ್ ತರಲು ಹೋದವರು ಇನ್ನೂ ಬಂದಿಲ್ಲ. ಅದರೊಳಗೆ ಉರಿಯುವ ಬಲೆ, ಮ್ಯಾಂಟಲ್ ಅನ್ನುತ್ತಾರೆ, ಹರಿದಿದೆಯಂತೆ, ಜಯಪ್ಪನ ಹತ್ತಿರ ಬೇರೆ ಇಲ್ಲ, ಹೊಳೆಯಾಚೆ ಕುರುವಳ್ಳಿಗೆ ಹೋಗಿದ್ದಾರೆ. ಕೆರಿಯಮ್ಮ ಬಂದು ಹೇಳಿದಳು.

ನಾನು ಒಂದು ತುತ್ತು ಈಗಲೇ ಉಂಡುಬಿಡಲೇ? ಅತಿಥಿಗಳಿಗೆ ಮುಂಚೆ ಉಣ್ಣುವುದೂ ತಪ್ಪು. ಬೇಡ, ಇವತ್ತು ಉಪವಾಸವೇ ಸರಿ.

ಬಾಗಿಲ ಹತ್ತಿರ ಯಾರದೋ ದನಿ. ದೊಡ್ಡ ದನಿ —

೧೮ ನವೆಂಬರ್, ಬೆಳಗ್ಗೆ

ನಿನ್ನೆಯದು ಬರೆದೇ ತೀರಬೇಕು.

ಬಾಗಿಲು ತೆಗೆದರೆ ವರದಮ್ಮ. ಹಿಂದೆ ಹೆಡ್ಮಾಸ್ಟರು ನಾಗರಾಜಪ್ಪನವರು, ಕೈಯಲ್ಲಿ ಕೊಡೆ. ನಾನು ಅಡಿಗೆಯ ಸೀರೆಯಲ್ಲಿ, ಕೈಯೆಲ್ಲ ತುಪ್ಪ.

"ತಪ್ಪು ತಿಳ್ಕೋಬೇಡಮ್ಮ" ಎಂದರು ಹೆಡ್ಮಾಸ್ಟರು. "ನಾಳೆ ಮುಂಜಾನೆ ಸಾಗರದ ಬಸ್ಸು ಹಿಡೀಬೇಕು. ಎಂಟಕ್ಕೆ ಉಂಡು ನಾನು ಮಲಗೋದ್ಯಾವಾಗ? ಈಗ್ಲೇ ಒಂದು ಎಲೆ ಹಾಕಿದ್ರೆ ಪುಣ್ಯ ಬರುತ್ತೆ."

ಮನೆಯವರು ಇಲ್ಲ ಎಂದೆ. "ಬರ್ತಾರೆ ಬಿಡಮ್ಮ" ಎಂದು ಕೈಕಾಲು ತೊಳೆಯಲು ಬಾವಿಯ ಕಡೆ ಹೋಗಿಯೇಬಿಟ್ಟರು! ಕಾಯೋಣ ಎಂದು ಐದರವರೆಗೆ ಮಾತಲ್ಲಿ ತಡೆದೆ. ಬೀದಿಯ ಕಡೆ ನೋಡಿದೆ, ಇವರ ಸುಳಿವಿಲ್ಲ. ಬಿಸಿಲು ಬಾವಿಕಟ್ಟೆ ಬಿಟ್ಟು ಮೇಲೆ ಹೋಗುತ್ತಿತ್ತು. ಎಲೆ ಹಾಕಿದೆ.

ಬಾಳೆಕಾಯಿ ಸಾಗು ಎರಡು ಸಲವಲ್ಲ, ಮೂರು ಸಲ ಹಾಕಿಸಿಕೊಂಡರು. ವರದಮ್ಮ ಮಾತ್ರ ಕೂರಲೊಲ್ಲರು. ಅಡಿಗೆಮನೆಗೆ ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡರು.

"ಹೊತ್ತು ಮುಳುಗ್ತಾ ಇದೆ. ನನ್ನ ಪಕ್ಕದಲ್ಲೇ ನಿಮ್ಮ ಎಲೆನೂ ಹಾಕಿ. ಪದ್ಮಾವತಿ ಜೊತೆ ಒಂದು ದಿನಾನೂ ಉಣ್ಣೋಕಾಗ್ಲಿಲ್ಲ ನಂಗೆ."

ಕೂತೆವು. ಅನ್ನ ಹಾಕಿಕೊಂಡಾಯಿತು, ಮಜ್ಜಿಗೆಗೆ ಏಳಬೇಕೆನ್ನುವಷ್ಟರಲ್ಲಿ ಹೆಡ್ಮಾಸ್ಟರೇ ಪಾತ್ರೆ ಹಿಡಿದು ಬಂದರು! ನಾಚಿಕೆಯಿಂದ ಸತ್ತೆ. ಆದರೂ ಆ ಮಜ್ಜಿಗೆಯನ್ನಕ್ಕೆ ಎಂಥ ರುಚಿ ಇತ್ತು. ಜೊತೆಗೆ ಒಬ್ಬರು ಕೂತು ಉಣ್ಣುವುದು ಇಷ್ಟು ಹಿತವೆಂದು ಮರೆತೇಹೋಗಿತ್ತು. ಬಾಯಿ ತೊಳೆಯುವಾಗ ತೆಂಗಿನ ಮರದ ತುದಿಯಲ್ಲಿ ಇನ್ನೂ ಬಿಸಿಲಿತ್ತು.

ಕತ್ತಲಾಗುವಾಗ ಇವರು ಬಂದರು. ಹೊತ್ತಿಸಿದ ಪೆಟ್ರೋಮ್ಯಾಕ್ಸ್ ಹಿಡಿದು, ಬೆವರಿಕೊಂಡು, ಮದುವೆ ಮೆರವಣಿಗೆಗೆ ಹೊರಟವರ ಹಾಗೆ. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತ ಹೆಡ್ಮಾಸ್ಟರನ್ನು ನೋಡಿ ನಿಂತುಬಿಟ್ಟರು.

"ಊಟ ಆಯ್ತು ಮೇಷ್ಟ್ರೇ!" ಎಂದರು ಹೆಡ್ಮಾಸ್ಟರು. ಸಾಗರದ ಬಸ್ಸಿನ ಕಥೆ ಇವರಿಗೂ ಹೇಳಿದರು. "ಲೈಟ್ ತಂದದ್ದು ಒಳ್ಳೇದಾಯ್ತು. ನಮ್ಮನ್ನ ಮನೆ ಮುಟ್ಟಿಸಿ."

ಇವರು ಪೆಟ್ರೋಮ್ಯಾಕ್ಸ್ ಹೊತ್ತು ಮುಂದೆ ಮುಂದೆ ನಡೆದರು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ತಿರುಗಿ ಬಂದಾಗ ನಗುವ ಹಾಗಿರಲಿಲ್ಲ.

"ಬೇಗ ಬನ್ನಿ ಅಂತ ನೀನು ಹೇಳಿ ಕಳಿಸಿದ್ದಾ?"

"ಇಲ್ಲ. ಎಂಟಕ್ಕೇ ಬನ್ನಿ ಅಂದಿದ್ದೆ."

ನಂಬಲಿಲ್ಲ. ಮುಖದಲ್ಲೇ ಗೊತ್ತಾಯಿತು. ಉಣ್ಣಿ ಎಂದರೆ ಹಸಿವಿಲ್ಲ ಎಂದರು. ಹೊಳೆಯಾಚೆ ಹೋಗಿ ಬಂದವರಿಗೆ ಹಸಿವಿಲ್ಲವಂತೆ. ಅಂಗಳದಲ್ಲಿ ಪೆಟ್ರೋಮ್ಯಾಕ್ಸ್ ಇಟ್ಟುಕೊಂಡು ಸುಮ್ಮನೆ ಕೂತರು. ಹುಳಗಳು ಬಂದು ಗಾಜಿಗೆ ಬಡಿದು ಬೀಳುತ್ತಿದ್ದವು. ಕಾಲ ಬಳಿ ರಾಶಿ ಬಿದ್ದವು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ ದೀಪ ಆರಿಸಿ ಒಳಗೆ ಬಂದರು.

ಬೆಳಗ್ಗೆಯೂ ಮಾತಿಲ್ಲ. ನಿನ್ನೆ ಮುಚ್ಚಿಟ್ಟ ಹೋಳಿಗೆ ಕೆರಿಯಮ್ಮನ ಪಾಲಾಯಿತು.

೧೮, ಸಂಜೆ

ಐದು ಗಂಟೆ. ಇವರು ಮನೆಯಲ್ಲಿದ್ದಾರೆ! ಸ್ಟಾಫ್ ರೂಮಿಲ್ಲ, ಹೋಟೆಲಿಲ್ಲ. ಬಂದವರೇ ಬಾಗಿಲಿಗೆ ಒರಗಿ ನಿಂತರು.

"ಬೆಳಗ್ಗೆ ಪ್ರೇಯರಿಗೆ ಹೋದ್ರೆ ಹೆಡ್ಮಾಸ್ಟ್ರು ಎದುರಿಗೇ ನಿಂತಿದಾರೆ. ಸಾಗರಕ್ಕೆ ಹೋಗ್ಲಿಲ್ವಾ ಸಾರ್ ಅಂದೆ. ಯಾವ ಸಾಗರ ಮೇಷ್ಟ್ರೇ ಅಂದ್ರು. ನಕ್ಕು ಬೆನ್ನು ತಟ್ಟಿ ಹೋದ್ರು."

ಬಾಗಿಲು ಬಿಟ್ಟು ಒಳಗೆ ಬಂದರು.

"ನಿನ್ನ ಹೊತ್ತು ಹೊರಗಿನೋರಿಗೆ ಗೊತ್ತಿತ್ತು. ನಾನು ಮಾತ್ರ ಲೈಟ್ ಹುಡುಕ್ತಾ ಓಡಾಡಿದೆ." ಆಮೇಲೆ ಕೋಟು ಬಿಚ್ಚುತ್ತ ಕೇಳಿದರು. "ಉಂಡ್ಯಾ?"

"ಇಲ್ಲ. ಇನ್ನೇನು ಹಾಕ್ಕೋಬೇಕು."

"ಎರಡು ಎಲೆ ಹಾಕು. ಒಟ್ಟಿಗೇ ಕೂರೋಣ."

ಬಾವಿಯ ಹತ್ತಿರ ಹೋಗಿದ್ದಾರೆ. ರಾಟೆಯ ಸದ್ದು ಕೇಳುತ್ತಿದೆ. ಬರೆಯದೆ ಇರಲಾರೆನೆಂದು ಓಡಿ ಬಂದು ಪುಸ್ತಕ ತೆಗೆದೆ, ಅವಸರಕ್ಕೆ ಅಕ್ಷರ ಸೊಟ್ಟ. ಇವತ್ತು ಬರೀ ಸಾರು, ಸೊಪ್ಪಿನ ಪಲ್ಯ. ಹೋಳಿಗೆ ಒಂದಾದರೂ ಉಳಿಸಿಕೊಂಡಿದ್ದರೆ... ಬಿಸಿಲು ತೆಂಗಿನ ಮರದ ಅರ್ಧಕ್ಕೆ ಏರಿದೆ. ಕರೆಯುತ್ತಿದ್ದಾರೆ —

"ಯಶೋಧಾ, ಹೊತ್ತು ಮುಳುಗುತ್ತೆ, ಬಾ!"