ಕೆಟಲ್ ಮೇಲಿನ ಹಂಸ

ಯೂನಿವರ್ಸಿಟಿ ಹಾಸ್ಟೆಲ್, ಕೋಣೆ ೩೧, ಅಬರ್ಡೀನ್
ಭಾನುವಾರ, ೨ ಮಾರ್ಚ್ ೨೦೨೫

ಪ್ರೀತಿಯ ಇಷ್ಬೆಲ್ ಅಕ್ಕನಿಗೆ,

ಆರು ವಾರವಾಯಿತು, ನಿನಗೆ ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸು. ಪರೀಕ್ಷೆಯಿತ್ತು ಎಂದು ಮೊದಲು ಬರೆದೆ, ಆಮೇಲೆ ಆ ಹಾಳೆಯನ್ನೇ ಹರಿದುಹಾಕಿದೆ. ಪರೀಕ್ಷೆ ಇದ್ದದ್ದು ನಿಜ, ಆದರೆ ಮೂರೇ ದಿನ. ಹಿಂದೆ ಹಾಸ್ಟೆಲ್ ಶಾಲೆಯಲ್ಲಿದ್ದಾಗ ಭಾನುವಾರ ಊಟವಾದ ಮೇಲೆ ಎಲ್ಲರೂ ಕೂತು ಮನೆಗೆ ಕಾಗದ ಬರೆಯಲೇಬೇಕಿತ್ತು. ಉಳಿದವರು ಅಪ್ಪ ಅಮ್ಮಂದಿರಿಗೆ ಬರೆಯುತ್ತಿದ್ದರು, ನಾನು ನಿನಗೆ. ಒಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಈಗ ಆರು ತಪ್ಪಿಸಿದ್ದೇನೆ.

ಬೆಳಕು ನಿನ್ನ ಕಣ್ಣಿಗೆ ಇನ್ನೂ ಆಗುವುದಿಲ್ಲವಂತೆ. ಫೋನ್ ಮುಟ್ಟುವ ಹಾಗಿಲ್ಲವಂತೆ, ಓದುವುದಾದರೆ ದಿನಕ್ಕೆ ಹತ್ತು ನಿಮಿಷವಂತೆ. ಹಾಗಾಗಿ ಇದನ್ನು ಅಜ್ಜಿಯೇ ಓದಿ ಹೇಳುತ್ತಾಳೆ. ಅಜ್ಜೀ, ನಿನ್ನ ಮಂಡಿ ಹೇಗಿದೆ? ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನಡುನಡುವೆ ನಿನ್ನ ಮಾತು ಸೇರಿಸದೆ ಓದು.

ನನ್ನ ಸಮಾಚಾರ ಹೆಚ್ಚೇನಿಲ್ಲ. ಸಮುದ್ರದ ಮಂಜು ಬೆಳಗ್ಗೆಯೇ ಬಂದು ಕಿಟಕಿಗೆ ಅಂಟಿಕೊಂಡರೆ ಸಂಜೆಯ ತನಕ ಬಿಡುವುದಿಲ್ಲ. ಪಕ್ಕದ ಕೋಣೆಯ ಹುಡುಗಿ ನಾನು ಬಾಯಿ ತೆರೆದ ಕೂಡಲೇ "ನೀನು ಇಂಗ್ಲೆಂಡಿನವಳಾ?" ಎಂದಳು. ಅರ್ಧ ಎಂದೆ. "ಯಾವ ಅರ್ಧ?" ಎಂದಳು. ನೀನಿದ್ದಿದ್ದರೆ ತಕ್ಷಣ ಏನಾದರೂ ಹೇಳುತ್ತಿದ್ದೆ. ನನಗೆ ಒಂದು ಉತ್ತರ ಹೊಳೆಯುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಊಟದ ಹಾಲಿನಲ್ಲಿ ಬಾಗಿಲ ಪಕ್ಕದ ಮೇಜಿಗೇ ಕೂರುತ್ತೇನೆ, ಬೇಗ ಎದ್ದು ಹೋಗಬಹುದು ಎಂದು. ನಿನ್ನ ತಂಡದವರು ನನ್ನನ್ನು ದೊರೆಸಾನಿ ಎಂದು ಕರೆಯುತ್ತಿದ್ದರಲ್ಲ, ಇಲ್ಲಿ ಹಾಗೆ ರೇಗಿಸುವಷ್ಟು ಹತ್ತಿರದವರೂ ಯಾರಿಲ್ಲ.

ಬುಧವಾರ ಅಜ್ಜಿ ಫೋನ್ ಮಾಡಿದ್ದಳು. ಹಗಲೆಲ್ಲ ಪರವಾಗಿಲ್ಲ, ಎದ್ದ ಕೂಡಲೇ ಒಂದು ಗಂಟೆ ಮಾತ್ರ ಕಷ್ಟ ಎಂದಳು. ಭಾನುವಾರ ಬೆಳಗ್ಗೆ ನೀನು ಮೆಟ್ಟಿಲಿಳಿದು ಬಂದು "ಇವತ್ತು ಆಟ ಎಲ್ಲಿ?" ಎನ್ನುತ್ತೀಯಂತೆ. ಇನ್ನು ಆಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಜ್ಜಿ ಪ್ರತಿ ಭಾನುವಾರ ಹೊಸದಾಗಿ ಹೇಳಬೇಕಂತೆ, ನೀನು ಪ್ರತಿ ಭಾನುವಾರ ಹೊಸದಾಗಿ ಕೇಳಿಸಿಕೊಳ್ಳುತ್ತೀಯಂತೆ.

"ಇನ್ನೊಂದು ವಿಚಿತ್ರ ಕೇಳು ಕೂಸೇ," ಎಂದಳು. "ಮುಂಬಾಗಿಲ ಹತ್ರ ನಿಂತ್ಕೊಂಡು 'ಏಣಿ' ಅಂತಾಳೆ. ಕೋಟು ತೆಗಿಯೋಕೆ ಹೋದ್ರೆ 'ಉಪ್ಪು'. ನಾನು ಕೆಟಲ್ ಇಟ್ರೆ ಅದನ್ನೇ ನೋಡ್ತಾ ನೋಡ್ತಾ 'ಹಂಸ' ಅಂತಾಳೆ. ಈ ಮನೆಗೆ ಹಂಸ ಎಲ್ಲಿಂದ ಬಂತೇ? ಡಾಕ್ಟರಿಗೆ ಹೇಳಿದ್ರೆ ಅವ್ರೂ ತಲೆ ಕೆರ್ಕೊಂಡ್ರು." ಪೆಟ್ಟು ಬಿದ್ದವರು ಏನೇನೋ ಹೇಳುತ್ತಾರೆ ಅಜ್ಜಿ ಎಂದು ಹೇಳಿ ಫೋನ್ ಇಟ್ಟೆ.

ನೀನು ಮರೆತದ್ದನ್ನು ಮನೆಯವರು ಕ್ರಮವಾಗಿ ಬರೆದುಕೊಟ್ಟರೆ ಒಳ್ಳೆಯದು ಎಂದು ಆಸ್ಪತ್ರೆಯವರು ಹೇಳಿದ್ದಾರಂತೆ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಗೊತ್ತಿರುವುದು ಬಂದಾಗ ಬೇಸರಪಡಬೇಡ.

ನಮ್ಮಿಬ್ಬರಿಗೂ ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ. ನಿನ್ನಮ್ಮ ನಿನಗೆ ನೆನಪು ಮೂಡುವ ಮೊದಲೇ ಹೋದಳು. ಅಪ್ಪ ಸಮುದ್ರದ ನಡುವೆ ಎಣ್ಣೆಬಾವಿಯಲ್ಲಿರುತ್ತಿದ್ದ. ನಿನ್ನನ್ನು ಬೆಳೆಸಿದ್ದು ಬಕ್‌ಹೇವನ್ನಿನ ಅಜ್ಜಿ. ಹನ್ನೆರಡರ ತನಕ ಹುಡುಗರ ಫುಟ್‌ಬಾಲ್ ತಂಡದಲ್ಲಿ ಆಡಿದೆ, ಆಮೇಲೆ ಹುಡುಗಿಯರಿಗೆ ಜಾಗವಿಲ್ಲ ಎಂದರು. ಅಜ್ಜಿ ತರಬೇತುದಾರನ ಮನೆಗೇ ಹೋಗಿ, "ನಿನ್ನ ಮಗನ್ನ ಇವಳು ನಾಲ್ಕು ಸಲ ಬೀಳಿಸಿದ್ಲು, ಅದಕ್ಕೇ ತಾನೆ?" ಎಂದು ಕೇಳಿ ಬಂದಳಂತೆ. ಅಲ್ಲಿಂದ ಮುಂದೆ ವಾರಕ್ಕೆ ಮೂರು ಸಲ ಎಡಿನ್‌ಬರಾದ ಹುಡುಗಿಯರ ತಂಡಕ್ಕೆ ಎರಡು ಬಸ್ಸು. ಶಾಲೆ ಮುಗಿದ ಮೇಲೆ ಬೆಳಗ್ಗೆ ಬೇಕರಿ ಕೆಲಸ, ಸಂಜೆ ಅಭ್ಯಾಸ. ಗಂಡಸರ ತಂಡದವರು ಹಾಕಿ ಬಿಟ್ಟ ಅಂಗಿಗಳನ್ನೇ ನಿಮಗೆ ಕೊಡುತ್ತಿದ್ದರು. ತೋಳು ನಿನ್ನ ಬೆರಳು ದಾಟಿ ಜೋಲುತ್ತಿತ್ತು.

ಅಪ್ಪ ಸತ್ತಾಗ ನಿನಗೆ ಹದಿನೆಂಟು, ನನಗೆ ಒಂಬತ್ತು. ನನ್ನಮ್ಮ ಇಂಗ್ಲೆಂಡಿಗೆ ಹಿಂದಿರುಗಿದಳು, ನನ್ನನ್ನು ಹಾಸ್ಟೆಲ್ ಶಾಲೆಗೆ ಹಾಕಿದಳು. ತಿಂಗಳಿಗೊಮ್ಮೆ ಭೇಟಿಯ ದಿನ ಹುಡುಗಿಯರ ಮನೆಯವರು ಕಾರಿನಲ್ಲಿ ಬರುತ್ತಿದ್ದರು. ನೀನು ಆಟ ಮುಗಿಸಿ, ಮಂಡಿಗೆ ಕೆಸರು ಮೆತ್ತಿಕೊಂಡೇ ಬಸ್ಸಿನಲ್ಲಿ ಬರುತ್ತಿದ್ದೆ, ಜೇಬಿನಲ್ಲಿ ಮುರಿದ ಬೆಣ್ಣೆ ಬಿಸ್ಕತ್ತು. ವಾರ್ಡನ್ ನಿನ್ನನ್ನು ತೋಟದ ಕೆಲಸದವಳು ಅಂದುಕೊಂಡದ್ದು ನೆನಪಿದೆಯಾ? "ಹೂಂ ಮೇಡಂ, ಈ ಗಿಡಕ್ಕೆ ನೀರು ಹಾಕೋಕೆ ಬಂದೆ," ಎಂದು ನನ್ನ ತಲೆ ಮೇಲೆ ಕೈಯಿಟ್ಟೆ.

ಇಪ್ಪತ್ನಾಲ್ಕಕ್ಕೆ ಕ್ಲಬ್ಬಿನವರು ನಿನ್ನನ್ನು ಪೂರ್ಣಾವಧಿ ಆಟಗಾರ್ತಿಯಾಗಿ ತೆಗೆದುಕೊಂಡರು. ಒಪ್ಪಂದಕ್ಕೆ ಸಹಿ ಹಾಕಿದ್ದು ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ. ಅಜ್ಜಿ ಮೇಜನ್ನು ಎರಡು ಸಲ ಒರೆಸಿದಳು. ಆ ಪೆನ್ನನ್ನು ಇವತ್ತಿಗೂ ಯಾರಿಗೂ ಮುಟ್ಟಗೊಡುವುದಿಲ್ಲ. ಮಾರನೆಯ ದಿನ ನೀನು ಬೇಕರಿಗೆ ಹೋಗಿ ಏಪ್ರನ್ ವಾಪಸು ಕೊಟ್ಟು ಬಂದೆ.

ಯೂನಾ ಬಂದದ್ದು ಆ ವರ್ಷವೇ. ತಂಡದ ಫಿಸಿಯೋ, ಯೂನಾ ಟೆಲ್ಫರ್. ನಿನ್ನ ಹರಡು ಮುರಿದ ಚಳಿಗಾಲದಲ್ಲಿ ಪ್ರತಿ ಮಂಗಳವಾರ ತನ್ನ ಕಾರಿನಲ್ಲೇ ಬಕ್‌ಹೇವನ್ನಿಗೆ ಬಂದು ಕಾಲು ತಿಕ್ಕಿದವಳು. "ಏಳೇ ಗೂಳಿ, ಆ ಕಾಲನ್ನ ಮುದ್ದು ಮಾಡಿದ್ದು ಸಾಕು," ಎನ್ನುತ್ತಿದ್ದಳು. ಅಜ್ಜಿಗೂ ಅವಳಿಗೂ ಶುಂಠಿ ಬಿಸ್ಕತ್ತಿನ ಸ್ನೇಹ. ಇದನ್ನು ಅಜ್ಜಿ ಈಗ ಒಪ್ಪುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಇನ್ನು ಜನವರಿ ಹತ್ತೊಂಬತ್ತು. ಅವತ್ತು ರಾಷ್ಟ್ರೀಯ ತಂಡದ ಕೋಚ್ ನಿನ್ನನ್ನು ನೋಡಲು ಬರುವವರಿದ್ದರು. ಇಪ್ಪತ್ತೇಳನೆಯ ವಯಸ್ಸಿಗೆ, ಮೊದಲ ಸಲ. ನೀನು ಯಾರಿಗೂ ಹೇಳಿರಲಿಲ್ಲ, ನನಗೊಬ್ಬಳಿಗೆ ಹೇಳಿದ್ದೆ. ನಾನು ರೈಲಿನಲ್ಲಿ ಬಂದು ಮೂರನೆಯ ಸಾಲಿನಲ್ಲಿ ಕೂತೆ. ತಿನ್ನಲು ಕೊಂಡ ಮಾಂಸದ ಪೈ ಕೈಯಲ್ಲೇ ತಣ್ಣಗಾಯಿತು. ಇಪ್ಪತ್ತೆರಡನೆಯ ನಿಮಿಷದ ಕಾರ್ನರ್‌ನಲ್ಲಿ ನೀನು ಇಬ್ಬರ ಭುಜಕ್ಕಿಂತ ಮೇಲೆ ಎದ್ದು ತಲೆಯಿಂದ ಹೊಡೆದ ಗೋಲು, ಅಕ್ಕ, ನಾನು ನೋಡಿದ ಗೋಲುಗಳಲ್ಲೆಲ್ಲ ಅದೇ ದೊಡ್ಡದು. ನೀನು ನನ್ನ ಕಡೆ ಬೆರಳು ತೋರಿಸಿದೆ. ಸ್ವಲ್ಪ ಹೊತ್ತಿಗೆ ಅವರೂ ಒಂದು ಹೊಡೆದರು. ಮೂವತ್ತೆಂಟನೆಯ ನಿಮಿಷಕ್ಕೆ ನಿನ್ನ ತಲೆಗೂ ಅವರ ಹುಡುಗಿಯ ತಲೆಗೂ ಡಿಕ್ಕಿಯಾಯಿತು. ಎರಡು ಮರದ ತುಂಡು ಬಡಿದ ಹಾಗೆ ಸದ್ದು, ಮೂರನೆಯ ಸಾಲಿಗೂ ಕೇಳಿಸಿತು. ನೀನು ಎದ್ದು, ಏನಿಲ್ಲ ಎಂದು ಕೈಬೀಸಿ ಆಡಿದೆ. ಹಾಫ್ ಟೈಮ್ ಆಯಿತು. ಅದು ಮುಗಿದ ಮೇಲೂ ನೀನು ಮೈದಾನಕ್ಕೆ ಬಂದೆ. ಅರವತ್ತೊಂದನೆಯ ನಿಮಿಷದಲ್ಲಿ ಒಂದು ಸಾಧಾರಣ ಚೆಂಡು ಮೇಲಿಂದ ಬಂತು. ಅಂಥದ್ದನ್ನು ನೀನು ಸಾವಿರ ಸಲ ತಲೆಯಿಂದ ಆಚೆ ಕಳಿಸಿದ್ದೀಯ. ಅದನ್ನೂ ಕಳಿಸಿದೆ, ಬಿದ್ದೆ, ಏಳಲಿಲ್ಲ. ಎಡಗಾಲು ಮಾತ್ರ ಹುಲ್ಲನ್ನು ಒದೆಯುತ್ತಿತ್ತು.

ಮುಂದಿನದ್ದು ಅಜ್ಜಿಗೆ ಗೊತ್ತು.

ಈಗ ವಿಚಾರಣೆಯ ವಿಷಯ. ಹದಿಮೂರನೆಯ ತಾರೀಕು ಗುರುವಾರ ಕ್ಲಬ್ಬಿನವರು ಯೂನಾಳನ್ನು ಕರೆದಿದ್ದಾರೆ. ಹಾಫ್ ಟೈಮಿನಲ್ಲಿ ಅವಳು ನಿನ್ನನ್ನು ಪರೀಕ್ಷಿಸದೆ ಮೈದಾನಕ್ಕೆ ಬಿಟ್ಟಳು ಎಂದು ತೀರ್ಮಾನವಾದರೆ ಅವಳ ಕೆಲಸ ಹೋಗುತ್ತದೆ. ಇನ್ನೆಲ್ಲೂ ಆ ಕೆಲಸ ಸಿಗುವುದಿಲ್ಲ. ಕ್ಲಬ್ಬಿನವರೊಬ್ಬರು "ಯೂನಾ ನನ್ನನ್ನು ಏನೂ ಕೇಳಲಿಲ್ಲ" ಎಂದು ಬರೆದು ತಂದಿದ್ದಾರಂತೆ, ನೀನು ಸಹಿ ಹಾಕಿದರೆ ಸಾಕಂತೆ. ನಿನಗೆ ಅವತ್ತಿನದ್ದು ಏನೂ ನೆನಪಿಲ್ಲ, ಆದ್ದರಿಂದ ಅದೇ ನಿಜ ಅನ್ನಿಸುತ್ತಿದೆ. ಅಜ್ಜಿಗಂತೂ ಸಂಶಯವೇ ಇಲ್ಲ. "ನನ್ನ ಕೂಸನ್ನ ಗೊತ್ತಿದ್ದೂ ಗೊತ್ತಿದ್ದೂ ಒಳಗೆ ತಳ್ಳಿದ್ಲು ಅವಳು," ಎಂದಳು. ಯೂನಾ ಬಂದಾಗ ಬಾಗಿಲು ತೆರೆಯಲಿಲ್ಲವಂತೆ. ಅವಳು ಬಿಸ್ಕತ್ತಿನ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು ಹೋದಳಂತೆ, ಅಜ್ಜಿ ಅದನ್ನು ಕಡಲಹಕ್ಕಿಗಳಿಗೆ ಸುರಿದಳಂತೆ.

ಹೋದ ಶನಿವಾರ ಯೂನಾ ನನಗೆ ಡಂಡೀ ಸ್ಟೇಷನ್ನಿನಲ್ಲಿ ಸಿಕ್ಕಳು. ಬಟ್ಟೆ ಮೈಮೇಲೆ ಜೋತುಬೀಳುವಷ್ಟು ಇಳಿದುಹೋಗಿದ್ದಾಳೆ. ಚಹಾ ಕುಡಿಸಿದಳು, ತಾನು ಕುಡಿಯಲಿಲ್ಲ.

"ಕೇಳಿದೆ ಕಣಮ್ಮಾ," ಎಂದಳು. "ಸ್ಕೋರ್ ಕೇಳಿದೆ, ಗೋಲು ಯಾರದ್ದು ಅಂತ ಕೇಳಿದೆ. ಹತ್ತು ಪದ ಹೇಳಿ ತಿರುಗಿ ಹೇಳು ಅಂದೆ. ಹತ್ತಕ್ಕೆ ಹತ್ತು ಹೇಳಿದ್ಲು. ಚೆನ್ನಾಗಿರೋವಾಗ ನಾನೇ ಏಳು ಹೇಳಿದ್ರೆ ಹೆಚ್ಚು. ಪೆಟ್ಟು ತಿಂದೋಳು ಹತ್ತು ಹೇಳ್ತಾಳಲ್ಲ, ಅಲ್ಲೇ ನನಗೆ ಹೊಳೀಬೇಕಿತ್ತು. ನಮ್ಮ ಕೋಚ್ ಪಕ್ಕದ ಕೋಣೇಲಿ ತಂಡದವರ ಮೇಲೆ ಕೂಗಾಡ್ತಿದ್ರು, ಈ ಕೋಣೇಲಿ ನಾವಿಬ್ರೇ. ನನ್ನ ನೋಟ್‌ಬುಕ್ ತೋರಿಸಿದ್ರೆ, ಆಮೇಲೆ ಬರ್ಕೊಂಡಿದ್ದೀಯ ಅಂತಾರೆ." ನನ್ನ ಮುಖ ನೋಡಿ, "ಬಾಗಿಲ ಹತ್ರ ಯಾರೋ ನಿಂತಿದ್ದ ಹಾಗೆ ನೆನಪು. ನೀನಲ್ವಾ?" ಎಂದಳು.

ಪೈ ತರಲು ಹೋಗಿದ್ದೆ ಎಂದೆ.

"ಹೋಗಲಿ ಬಿಡು. ಗೂಳಿಗೆ ನಾನು ಕೇಳಿದೆ ಅಂತ ಹೇಳು," ಎಂದು ನನ್ನ ಸ್ಕಾರ್ಫ್ ಸರಿಮಾಡಿ ರೈಲು ಹತ್ತಿಸಿದಳು.

ಅಕ್ಕ, ಆ ಕಾಗದಕ್ಕೆ ಸಹಿ ಹಾಕುವ ಮೊದಲು ಇದನ್ನು ಕೊನೆಯ ತನಕ ಓದು, ಇಷ್ಟೇ ನಾನು ಕೇಳುವುದು. ನಿನಗೆ ನಿದ್ದೆ ಬರಲಿ. ಪರದೆ ಸರಿಸಿ ಸಮುದ್ರ ನೋಡುವ ದಿನ ಬೇಗ ಬರಲಿ. ಅಜ್ಜಿಯ ಮಂಡಿಯನ್ನೂ ದೇವರು ಸ್ವಲ್ಪ ನೋಡಿಕೊಳ್ಳಲಿ.

ನಿನ್ನ ತಂಗಿ,
ರೋವನ್

ತಾ.ಕ.: ಅಜ್ಜೀ, ಇಲ್ಲಿಗೆ ನಿಲ್ಲಿಸಿ ಈ ಹಾಳೆಯನ್ನು ಅಕ್ಕನ ಕೈಗೆ ಕೊಡು. ಕೋಪ ಮಾಡಿಕೊಳ್ಳಬೇಡ. ಇದನ್ನು ಅವಳ ಹತ್ತು ನಿಮಿಷದಲ್ಲಿ ಅವಳೇ ಓದಬೇಕು.

ಅಕ್ಕ, ನಾನು ಪೈ ತರಲು ಹೋಗಿರಲಿಲ್ಲ.

ಆಗಸ್ಟಿನಲ್ಲಿ ನೀನು ಹತ್ತು ಹತ್ತು ಪದಗಳ ನಾಲ್ಕು ಪಟ್ಟಿ ತಂದು ಅಜ್ಜಿಯ ಅಡುಗೆಮನೆಯಲ್ಲಿ ನನ್ನ ಮುಂದಿಟ್ಟೆ. "ತಲೆಗೆ ಪೆಟ್ಟು ಬಿದ್ರೆ ಈ ನಾಲ್ಕರಲ್ಲಿ ಒಂದು ಕೇಳ್ತಾರೆ. ಹೇಳಲಿಲ್ಲ ಅಂದ್ರೆ ಆಚೆ ಕೂರ್ಸ್ತಾರೆ. ಎಲ್ರೂ ಏನೋ ಒಂದು ಉಪಾಯ ಮಾಡ್ಕೊಂಡಿರ್ತಾರೆ. ನೀನು ಬಾಯಿಪಾಠದ ರಾಣಿ ಅಲ್ವಾ ದೊರೆಸಾನಿ, ಕಲಿಸೇ," ಎಂದೆ. ಒಂಬತ್ತು ವರ್ಷ ಬಸ್ಸು ಹತ್ತಿ ನನ್ನ ಹತ್ತಿರ ಬಂದವಳು ನೀನು. ನನ್ನಿಂದ ಏನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದು ಯಾತಕ್ಕೆ ಎಂದು ಯೋಚಿಸಲೇ ಇಲ್ಲ.

ಹಾಸ್ಟೆಲ್ಲಿನಲ್ಲಿ ನಮಗೆ ಇಸವಿಗಳನ್ನು ನೆನಪಿಡಲು ಕಲಿಸಿದ್ದ ರೀತಿಯನ್ನೇ ಹೇಳಿಕೊಟ್ಟೆ: ಗೊತ್ತಿರುವ ಮನೆಯಲ್ಲಿ ಒಂದೊಂದು ಜಾಗದಲ್ಲಿ ಒಂದೊಂದು ಪದವನ್ನಿಟ್ಟು ಮನಸ್ಸಿನಲ್ಲೇ ನಡೆದುಹೋಗುವುದು. ಮೊದಲ ಪಟ್ಟಿಗೆ ಅಜ್ಜಿಯ ಮನೆ. ಬಾಗಿಲಿಗೆ ಏಣಿ ಒರಗಿಸಿದೆವು. ಕೋಟಿನ ಜೇಬಿಗೆ ಉಪ್ಪು ಸುರಿದೆವು. ಕೆಟಲ್ ಮೇಲೆ ಹಂಸ ಕೂರಿಸಿ ನೀನು ಎಷ್ಟು ನಕ್ಕೆ ಎಂದರೆ ಅಜ್ಜಿ ಹೊರಗಿನಿಂದ ಗದರಿದಳು. ವಾರವೆಲ್ಲ ನಿನ್ನನ್ನು ಆ ಮನೆಯಲ್ಲಿ ನಡೆಸಿದೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬೇಕು ಎಂದು.

ಅವತ್ತು ಹಾಫ್ ಟೈಮಿನಲ್ಲಿ ನಾನು ಕೆಳಗೆ ಓಡಿಬಂದೆ. ಫಿಸಿಯೋ ಕೋಣೆಯ ಹೊರಗೆ ಗೋಡೆಗೆ ಒರಗಿದ್ದವಳು ನೀನು. ನನ್ನ ತೋಳು ಹಿಡಿದು, "ಎಷ್ಟಾಗಿದೆ?" ಎಂದೆ. ಒಂದು ಒಂದು ಎಂದು ನಾನು ಹೇಳಿದೆ. "ನಮ್ಮದ್ಯಾರು ಹೊಡೆದಿದ್ದು?" ಎಂದೆ ನೀನು.

ಅಕ್ಕ, ಹೊಡೆದವಳು ನೀನೇ. ನೀನು ನನ್ನ ಕಡೆ ಬೆರಳು ತೋರಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಆ ಪ್ರಶ್ನೆ ಕೇಳಿದ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಯೂನಾ ಕೋಣೆಯೊಳಗೆ, ಎರಡು ಹೆಜ್ಜೆ ದೂರದಲ್ಲಿದ್ದಳು. ಮೇಲೆ ರಾಷ್ಟ್ರೀಯ ತಂಡದ ಕೋಚ್ ಕೂತಿದ್ದ ಕಡೆಗೆ ನೀನು ಕಣ್ಣು ಎತ್ತಿ, "ಹೇಳೇ," ಎಂದೆ. ನಾನು "ನೀನೇ, ತಲೆಯಿಂದ, ಕಾರ್ನರ್‌ನಲ್ಲಿ," ಎಂದು ಕಿವಿಯಲ್ಲಿ ಹೇಳಿಕೊಟ್ಟೆ. ಒಳಗೆ ಹೋಗಿ ನೀನು ಅದನ್ನೇ ಹೇಳಿದೆ. ಆಮೇಲೆ ಏಣಿ, ಉಪ್ಪು, ಹಂಸ. ಬಾಗಿಲಲ್ಲಿ ನಿಂತು ನಾನೂ ತುಟಿಯಲ್ಲೇ ಎಣಿಸುತ್ತಿದ್ದೆ. ಹತ್ತು ಮುಗಿದಾಗ ನನಗೆ ಹೆಮ್ಮೆಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು.

ಇಷ್ಟನ್ನೂ ಬರೆದು ವಿಚಾರಣೆಯವರಿಗೆ ಇನ್ನೊಂದು ಕಾಗದ ಕಳಿಸಿದ್ದೇನೆ. ಅದನ್ನೇ ಮೊದಲು ಅಂಚೆಡಬ್ಬಿಗೆ ಹಾಕಿ ಬಂದೆ, ನಿನಗೆ ಬರೆಯುತ್ತಾ ಕೂತರೆ ಧೈರ್ಯ ಹೋಗುತ್ತದೆ ಎಂದು. ನೀನು ಪಟ್ಟಿ ಕಲಿತದ್ದು ಈಗ ಎಲ್ಲರಿಗೂ ಗೊತ್ತಾಗುತ್ತದೆ. ಅಜ್ಜಿಗೂ. ಈ ಮನೆಗೆ ಇನ್ನು ಬರಬೇಡ ಎಂದು ನೀವು ಹೇಳಿದರೆ ಬರುವುದಿಲ್ಲ. ಆದರೆ ಒಂದು ಮಾತ್ರ ಗಟ್ಟಿಯಾಗಿ ಹೇಳಿಕೋ, ಎದ್ದ ಕೂಡಲೇ, ಬೇಕಾದರೆ ಬರೆದು ಗೋಡೆಗೆ ಅಂಟಿಸಿಕೋ. ನಿನಗೆ ಹುಚ್ಚು ಹಿಡಿದಿಲ್ಲ. ಕೆಟಲ್ ಮೇಲೆ ಹಂಸ ಇಲ್ಲ, ಅಕ್ಕ. ಅದನ್ನು ಅಲ್ಲಿ ಇಟ್ಟವಳು ನಾನು. ಇಟ್ಟದ್ದನ್ನು ತೆಗೆಯುವುದು ಹೇಗೆಂದು ಹಾಸ್ಟೆಲ್ಲಿನಲ್ಲಿ ನಮಗೆ ಕಲಿಸಲಿಲ್ಲ.